ಮೈಕಿನಲ್ಲಿ ಬಿಟ್ಟುಹೋದ ಹೆಸರು

ಬೈಕು ಪಂಕ್ಚರ್ ಆಗಬಹುದಿತ್ತು. ಕಬ್ಬಿನ ಟ್ರ್ಯಾಕ್ಟರ್ ಮಗುಚಿ ದಾರಿ ಕಟ್ಟಬಹುದಿತ್ತು. ಕಾಗವಾಡದ ದ್ರಾಕ್ಷಿ ತೋಟದ ನಾಯಿ ನನ್ನ ಮೀನಖಂಡ ಹಿಡಿಯಬಹುದಿತ್ತು, ತೋಟದ ಯಜಮಾನರು, ಅಂದರೆ ನಮ್ಮ ಇಂಗ್ಲಿಷ್ ಸರ್ ಅವರ ಅಣ್ಣ, ಅದನ್ನು ಹಿಂದಕ್ಕೆ ಕರೆಯದೆಯೂ ಇರಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಸರ್ ಅವರ ಊರು ಸದಲಗಾದಿಂದ ಫೋನು ಬಂದು, ಸರ್ ಹೋದರು ಎನ್ನಬಹುದಿತ್ತು. ಹೆಲ್ಮೆಟ್ಟಿನೊಳಗೆ ಇಷ್ಟನ್ನೂ ಎರಡೆರಡು ಸಲ ಯೋಚಿಸಿಕೊಂಡೇ ಹೊರಟಿದ್ದೆ.

ಸರ್ ಅವರ ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆ, ಅಗಲ. ಕೈಗೆ ಸಿಕ್ಕಿದ್ದರಿಂದಲೇ ಇಂಗ್ಲಿಷ್ ಕಲಿಸುವುದು ಅವರ ರೂಢಿ. ಒಣದ್ರಾಕ್ಷಿ ಹಂಚಿ ‘ಶ್ರಿಂಕ್’ ಕಲಿಸಿದ್ದರು. ಒಂಬತ್ತನೇ ಇಯತ್ತೆಯಲ್ಲಿ ನನ್ನ ಪಾದಕ್ಕೆ ಕಬ್ಬಿನ ಕೂಳೆ ಚುಚ್ಚಿತು. ಮನೆಯಲ್ಲಿ ಬೈದಾರೆಂದು ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡೆ. ನಾಲ್ಕನೇ ದಿನ ಕುಂಟುವುದನ್ನು ಕಂಡ ಸರ್ ಶಾಲೆಯ ಕಟ್ಟೆಯ ಮೇಲೆ ಕೂರಿಸಿ, ಆ ಹೆಬ್ಬೆರಳಿನಿಂದ ಒತ್ತಿದರು. ಕೀವು ಚಿಮ್ಮಿತು.

"ಇದಕ್ಕ ಫೆಸ್ಟರ್ ಅಂತಾರಲೇ. ಮುಚ್ಚಿಟ್ಟಷ್ಟು ಕೆಡ್ತೈತಿ."

"ಪರೀಕ್ಷಾಕ್ಕ ಬರ್ತೈತೇನ್ರಿ ಸರ?"

"ಬರ್ತೈತಿ. ಇದಕ್ಕ ಇನ್ನೊಂದ ಅರ್ಥ ಐತಿ, ಮನಸ್ಸಿಂದು. ಅದನ್ನ ಕಲಿಯಾಕ ನಿನಗಿನ್ನೂ ವಯಸ್ಸಾಗಿಲ್ಲ."

ಆ ವಯಸ್ಸು ಅವರ ಮಗಳ ಲಗ್ನದ ದಿನ ಬಂತು. ನಮ್ಮ ಕಡೆ ಲಗ್ನದಲ್ಲಿ ಹಿರಿಯರ ಹೆಸರನ್ನು ಮೈಕಿನಲ್ಲಿ ಕೂಗಿ, ಟೊಪ್ಪಿಗೆ ಹಾಕಿ, ಟವೆಲ್ ಹೊದಿಸಿ ಮಾನ ಮಾಡುತ್ತಾರೆ. ಮೈಕು ನನ್ನ ಕೈಯಲ್ಲಿತ್ತು. ಯಾರದಾದರೂ ಹೆಸರು ತಪ್ಪೀತೆಂಬ ಭಯಕ್ಕೆ ಬೆವರಿದ ಕೈಯಲ್ಲಿ ಚೀಟಿ ಹಿಡಿದು ಹತ್ತು ಸಲ ಓದಿಕೊಂಡೆ. ನನ್ನ ಬೆರಳ ಕೆಳಗಿದ್ದ ಮೊದಲ ಸಾಲಿನ ಶಾಯಿ ಅಳಿಸಿಯೇ ಹೋಯಿತು. ಕೂಗುವಾಗ ಗಾಬರಿಯಲ್ಲಿ, ಕಣ್ಣಿಗೆ ಕಂಡ ಎರಡನೇ ಸಾಲಿನಿಂದಲೇ ಶುರು ಮಾಡಿದೆ.

ಮೊದಲ ಸಾಲಿನಲ್ಲಿದ್ದದ್ದು ಸರ್ ಅವರ ಅಣ್ಣನ ಹೆಸರು. ದೂರದ ಬೀಗರೆಲ್ಲ ಟೊಪ್ಪಿಗೆ ಹಾಕಿಸಿಕೊಂಡರು. ಹುಡುಗಿಯ ಸ್ವಂತ ದೊಡ್ಡಪ್ಪ ಬರಿದಲೆಯಲ್ಲಿ ಎದ್ದು, ಊಟವನ್ನೂ ಮಾಡದೆ ಕಾಗವಾಡಕ್ಕೆ ನಡೆದರು.

"ಚೀಟಿ ಬರದಾವ ನಾ. ತಪ್ಪು ನಂದ," ಎಂದು ಸರ್ ಮಂದಿಯ ಮುಂದೆ ಹೇಳಿದರು. ನಾನು ಚೀಟಿಯನ್ನು ಜೇಬಿಗೆ ತುರುಕಿಕೊಂಡೆ. ಮುಂದೆ ಆರು ವರ್ಷ ಅಣ್ಣತಮ್ಮಂದಿರಿಗೆ ಮಾತಿಲ್ಲ. ದೀಪಾವಳಿಗೆ ಸರ್ ಫೋನು ಹಚ್ಚುತ್ತಿದ್ದರು, ಅಣ್ಣ ಕಟ್ ಮಾಡುತ್ತಿದ್ದರು.

"ನಾ ಹೋಗಿ ಖರೇ ಹೇಳ್ಲೇನ್ರಿ ಸರ?"

"ನೀ ಮೊದಲ ಅಂಜುಬುರುಕ. ನಮ್ಮ ಮಂದಿ ನಿನ್ನ ಹರಕೊಂಡ ತಿಂತಾರ. ಇರ್ಲಿ ಬಿಡು."

ಬಿಟ್ಟೆ. ಅಂಥ ಅಪ್ಪಣೆಗಳನ್ನು ಪಾಲಿಸುವುದರಲ್ಲಿ ನಾನು ಎತ್ತಿದ ಕೈ.

ಈ ಚಳಿಗಾಲ ಸರ್ ಹಾಸಿಗೆ ಹಿಡಿದರು. ಬಾಗಿಲ ಸಪ್ಪಳವಾದಾಗಲೆಲ್ಲ "ಅಣ್ಣ ಬಂದಾನೇನು?" ಎಂದು ಕೇಳತೊಡಗಿದರು. ಮೂರು ದಿನ ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಂಡೆ. ನಾಲ್ಕನೇ ದಿನ ಬೈಕು ಹತ್ತಿದೆ.

ಅಣ್ಣ ದ್ರಾಕ್ಷಿ ಚಪ್ಪರದ ಕೆಳಗಿದ್ದರು. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಒಂದೇ ಉಸಿರಿಗೆ ಹೇಳಿದೆ: "ಲಗ್ನದಾಗ ನಿಮ್ಮ ಹೆಸರ ಬಿಟ್ಟಾವ ನಾನರಿ. ಸರ್ ಮೊದಲನೇ ಸಾಲಿಗೇ ಬರದಿದ್ರು."

ಅವರು ಒಂದು ಗೊಂಚಲನ್ನು ತಿರುವಿ ತಿರುವಿ ನೋಡಿದರು. "ಇಷ್ಟ ಹೇಳಾಕ ಆರ ವರ್ಷ ಬೇಕಾತೇನೋ ತಮ್ಮಾ?"

"ಅಂಜಿಕಿ ಬಂತರಿ."

"ಅಂವ ಹೆಂಗದಾನ?"

"ನಿಮ್ಮನ್ನ ಕೇಳಾಕತ್ತಾರ್ರಿ."

ಕೈ ತೊಳೆದು ಬಂದು ಬೈಕಿನ ಹಿಂದೆ ಕೂತರು. ದಾರಿಯ ಅಂಗಡಿಯಲ್ಲಿ ಟೊಪ್ಪಿಗೆ, ಟವೆಲ್ ಕೊಂಡೆ.

ಸರ್ ದಿಂಬಿಗೊರಗಿ ಎದ್ದು ಕೂತು, ತಾವೇ ಅಣ್ಣನಿಗೆ ಟೊಪ್ಪಿಗೆ ಹಾಕಿ, ಟವೆಲ್ ಹೊದಿಸಿದರು. "ತಡಾ ಆತು, ಅಣ್ಣಾ."

"ಹೂಂ. ಊಟಕ್ಕೇನ ಮಾಡ್ಯಾರ?"

ಒಂಬತ್ತು ದಿನಕ್ಕೆ ಸರ್ ತೀರಿಕೊಂಡರು. ನನ್ನ ತಪ್ಪನ್ನು ಆರು ವರ್ಷ ತಮ್ಮದೆಂದು ಹೊತ್ತವರು, ಒಮ್ಮೆಯೂ ನನಗದನ್ನು ಎತ್ತಿ ಆಡಲಿಲ್ಲ.

ಕಾಗವಾಡಕ್ಕೆ ಹೋದ ದಿನ ನಾನು ಅಂಜಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅಂಗಡಿಯ ಮುಂದೆ ಬೈಕಿನ ಮೇಲೆ ಕೂತಿದ್ದ ಅಣ್ಣನ ತಲೆಯ ಅಳತೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಟೊಪ್ಪಿಗೆ ಒಂದು ನಂಬರು ಸಣ್ಣದಾಯಿತು. ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ಅಣ್ಣ ಅವತ್ತು ತಮ್ಮನ ಮನೆಯಲ್ಲಿ ಎರಡು ರೊಟ್ಟಿ ಉಂಡರು.