ಉತ್ತರ ದಿಕ್ಕಿಗೆ ಹೊರಟ ಮಗಳು

ಪಾರೋ ಕಣಿವೆಯ ಮೇಲ್ತುದಿಯ ಹಳ್ಳಿಗಳಲ್ಲಿ ಎಲ್ಲರೂ ಮರ್ಯಾದೆಗೆ ಔಮ್ ಎನ್ನುವ ಗ್ಯೆಮ್ ಬಿದಾ ಎಂದರೆ ಪಂಚಾಂಗದ ಹೆಂಗಸು. ಅಕ್ಷರ ಬಾರದಿದ್ದರೂ ಯಾವ ದಿನ ಯಾರು ಯಾವ ದಿಕ್ಕಿಗೆ ಕಾಲಿಡಬಾರದು ಎಂಬುದು ಅವಳಿಗೆ ಬಾಯಿಪಾಠ. ಊರವರು ಬೆನ್ನ ಹಿಂದೆ ನಗುತ್ತಿದ್ದರು, ಹೊರಡುವ ಮುಂಚೆ ಮಾತ್ರ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಗಂಡ ನಗುತ್ತಲೇ ಕೆಟ್ಟ ದಿನ ಹೊರಟು ಹೇಸರಗತ್ತೆಯ ಸಮೇತ ಕಮರಿಗೆ ಬಿದ್ದಿದ್ದ. ಅಂದಿನಿಂದ ಅವನ ವ್ಯಾಪಾರ ಇವಳ ತಲೆಗೆ ಬಂತು, ಹೆದರಿಕೆಯೂ ಜೊತೆಗೇ ಬಂತು.

ವ್ಯಾಪಾರವೆಂದರೆ ಶರತ್ಕಾಲದಲ್ಲಿ ಕೆಂಪಕ್ಕಿ ಹೇರಿಕೊಂಡು ಉತ್ತರದ ಗಡಿಯ ಕಣಿವೆದಾರಿ ದಾಟಿ ಟಿಬೆಟ್ಟಿನ ಫಾರಿಗೆ ಹೋಗುವುದು, ಉಪ್ಪು, ಉಣ್ಣೆ ತರುವುದು. ಫಾರಿಯಲ್ಲಿ ಇಳಿಯುತ್ತಿದ್ದುದು ಛೋಫೆಲ್ಲನ ಮನೆಯಲ್ಲಿ. ಅಜ್ಜಂದಿರ ಕಾಲದ ನಂಟು ಅದು. ಭಾಷೆ, ಕಸುಬು ಕಲಿಯಲೆಂದು ಎರಡು ಮನೆಯವರೂ ಮಕ್ಕಳನ್ನು ಒಂದೊಂದು ವರ್ಷ ಆಚೀಚೆ ಇರಿಸುತ್ತಿದ್ದರು. ಗ್ಯೆಮ್‌ಳ ಒಬ್ಬಳೇ ಮಗಳು, ಇಪ್ಪತ್ತರ ಲ್ಹಾದೆನ್, ಹೋದ ವರ್ಷದಿಂದ ಅಲ್ಲೇ ನೇಯ್ಗೆ ಕಲಿಯುತ್ತಿದ್ದಳು.

ಆ ಸಲ ಗ್ಯೆಮ್ ಮಗಳನ್ನು ಕರೆದೊಯ್ಯಲು ಬಂದಾಗ ಛೋಫೆಲ್ ಚೌಕಾಸಿಯನ್ನೇ ಮಾಡಲಿಲ್ಲ. ಒಂದು ಸೇರು ಉಪ್ಪಿಗೆ ಎರಡು ದಿನ ಬೈದಾಡುವ ಮನುಷ್ಯ!

"ಏನಣ್ಣಾ, ಮೈಯಲ್ಲಿ ಹುಷಾರಿಲ್ವಾ? ಒಂದು ಬೈಗುಳನಾದ್ರೂ ಬೈಯಪ್ಪ."

"ಅಳತೆ ಗಿಳತೆ ಬಿಡು ಗ್ಯೆಮ್. ಹೊರೋಷ್ಟು ತುಂಬ್ಕೋ. ನಾಳೆ ಬೆಳಕು ಹರಿದ ತಕ್ಷಣ ಮಗಳನ್ನ ಕರ್ಕೊಂಡು ಹೊರಟುಬಿಡು."

ಬೀದಿಯಲ್ಲಿ, ಟಿಬೆಟ್ಟನ್ನು ವಶಪಡಿಸಿಕೊಂಡಿದ್ದ, ಹತ್ತಿ ತುಂಬಿದ ಕೋಟಿನ ಸೈನಿಕರು ಮನೆಮನೆಗೂ ಹೋಗಿ ಹೆಸರು ಬರೆದುಕೊಳ್ಳುತ್ತಿದ್ದರು. ಎದುರು ಮನೆಯ ಬಾಗಿಲಿಗೆ ಕಾಗದ ಅಂಟಿಸಿ ಮುದ್ರೆ ಒತ್ತಿದ್ದರು, ಒಳಗಿದ್ದವರು ಎಲ್ಲಿಗೆ ಹೋದರೆಂದು ಯಾರೂ ಕೇಳುತ್ತಿರಲಿಲ್ಲ. ಹೊರಗಿನ ವ್ಯಾಪಾರಿಗಳು ನಾಳೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಸಾರಿಯೂ ಆಗಿತ್ತು.

ಗ್ಯೆಮ್ ಬೆರಳು ಮಡಿಸಿ ಎಣಿಸಿದಳು. "ನಾಳೆ ನನಗೇನೂ ಅಡ್ಡಿಯಿಲ್ಲ. ಇವಳು ಹುಟ್ಟಿದ್ದು ಮೊಲದ ವರ್ಷ, ನಾಳೆಯಿಂದ ಮೂರು ದಿನ ದಕ್ಷಿಣ ಆಗಲ್ಲ."

"ಅಯ್ಯೋ ನಿನ್ನ! ಈಗಿಲ್ಲಿ ದಿಕ್ಕು ಹೇಳೋರು ಅವರು ಕಣೇ," ಎಂದು ಛೋಫೆಲ್ ಹಲ್ಲು ಕಡಿದ.

ಮಗಳು ನಕ್ಕಳು. "ಅಮ್ಮಾ, ಮೊಲ ಓಡೋಕೆ ತಯಾರಾಗಿ ನಿಂತಿದೆ. ಕಿವಿ ಹಿಡ್ಕೊಂಡಿರೋಳು ನೀನೇ."

"ನಿಮ್ಮಪ್ಪನೂ ಹೀಗೇ ನಗ್ತಾ ಹೋದ."

ಸತ್ತ ಗಂಡನನ್ನು ಮಾತಿಗೆ ಎಳೆದು ತಂದರೆ ತಾಯಿ ಮಗಳ ಜಗಳದಲ್ಲಿ ಗ್ಯೆಮ್ ಗೆದ್ದಂತೆಯೇ ಲೆಕ್ಕ.

ಪರಿಹಾರವಿಲ್ಲದ ದೋಷವಿಲ್ಲ, ಅದೂ ಅವಳಿಗೆ ಗೊತ್ತು. ಒಳ್ಳೆಯ ದಿಕ್ಕಿಗೆ ಹೊರಟು, ಅಲ್ಲೊಂದು ರಾತ್ರಿ ತಂಗಿ, ಆಮೇಲೆ ತಿರುಗಿ ಬಂದರೆ ಕೆಟ್ಟ ದಿಕ್ಕು ತಟ್ಟುವುದಿಲ್ಲ. ನಾಳೆ ಮೊಲಕ್ಕೆ ಉತ್ತರ ಒಳ್ಳೆಯದು. ಛೋಫೆಲ್ಲನ ಅಕ್ಕನ ಮನೆ ಉತ್ತರಕ್ಕೆ ಅರ್ಧ ದಿನದ ಹಾದಿ. ನಾಳೆಯ ಗಡುವು ವ್ಯಾಪಾರಿಗಳಿಗಷ್ಟೇ. ಲ್ಹಾದೆನ್ ಅಲ್ಲಿ ಮಲಗಿ ನಾಡಿದ್ದು ಫಾರಿಯನ್ನು ಹಾದು ಬರಲಿ, ತಾಯಿ ಕಣಿವೆದಾರಿಯ ಕೆಳಗಿನ ಕಲ್ಲುಗೂಡಿನಲ್ಲಿ ಕಾದಿರಲಿ. ಛೋಫೆಲ್ ಹುಡುಗಿಗೆ ದಾರಿಯ ಬುತ್ತಿ ಕಟ್ಟಿದ. ಅವನ ಮದುವೆಯ ದಿಬ್ಬಣವೂ ಹೀಗೆಯೇ ಸುತ್ತುಹಾಕಿ ಬಂದಿತ್ತು, ಬೇಡವೆಂದು ಹೇಗೆ ಹೇಳಿಯಾನು?

ಬೆಳಿಗ್ಗೆ ಮಗಳು ಒಣಗಿದ ಗಿಣ್ಣಿನ ತುಂಡು ದವಡೆಗಿಟ್ಟುಕೊಂಡು ಉತ್ತರಕ್ಕೆ ಹೊರಟಳು. "ನಾಳೆ ಸಂಜೆಗೆ ಚಹಾ ಕಾಯಿಸಿಟ್ಟಿರಮ್ಮ. ಅದಕ್ಕೆ ಬೆಣ್ಣೆ ಹಾಕೋದ್ರಲ್ಲಿ ಜಿಪುಣತನ ಮಾಡ್ಬೇಡ!" ತಾಯಿ ದಕ್ಷಿಣಕ್ಕೆ ಹೇಸರಗತ್ತೆಗಳನ್ನು ಹೊಡೆದಳು. ಅವಳ ಮನಸ್ಸು ಹಗುರವಾಗಿತ್ತು, ಆ ಹಗುರವನ್ನು ಅವಳು ಸಾಯುವವರೆಗೂ ಕ್ಷಮಿಸಲಿಲ್ಲ.

ಹೇಳಿದ ಸಂಜೆ ಚಹಾ ಕಾಯಿತು, ಆರಿತು. ಮಾರನೆಯ ದಿನ ಮಧ್ಯಾಹ್ನ ಫಾರಿ ಊರಿನವನೇ ಒಬ್ಬ ಉಣ್ಣೆ ವ್ಯಾಪಾರಿ ಬರಿಗೈಯಲ್ಲಿ ಏರು ಹತ್ತಿ ಬಂದ.

"ಮೊನ್ನೆ ಸಂಜೆನೇ ಉತ್ತರದ ದಾರಿಗೆ ಅಡ್ಡ ಮುಳ್ಳುತಂತಿ ಎಳೆದ್ರು ಔಮ್. ಹಳ್ಳಿ ಕಡೆಯಿಂದ ಒಂದು ನರಪಿಳ್ಳೆನೂ ಊರೊಳಗೆ ಬಿಡ್ತಿಲ್ಲ."

"ಮತ್ತೆ ನೀನು ಹೇಗೆ ಬಂದೆ?"

"ನಾನು ಊರೊಳಗಿದ್ದೆನಲ್ಲ. ದಕ್ಷಿಣದ ಬಾಗಿಲು ಇವತ್ತು ಬೆಳಿಗ್ಗೆವರೆಗೂ ತೆರೆದೇ ಇತ್ತು."

ಗ್ಯೆಮ್ ಫಾರಿಯ ಕಡೆಗೆ ಓಡಿದಳು. ಅವನು ಹಿಂದಿನಿಂದ ಬಂದು ಕೆಡವಿ ಹಿಡಿದುಕೊಂಡ. ಅವಳು ಅವನ ಕೈ ಕಚ್ಚಿದಳು, ಆದರೂ ಬಿಡಲಿಲ್ಲ, ಪುಣ್ಯಾತ್ಮ. ಚಳಿಗಾಲ ದಾರಿ ಮುಚ್ಚಿತು. ಹಿಮ ಕರಗಿದ ಮೇಲೆ ಪಾರೋ ಕಡೆಯ ನಮ್ಮವರೇ ಗಡಿ ಮುಚ್ಚಿದರು. ಛೋಫೆಲ್ಲನ ಮನೆಯಿಂದ ಒಂದು ಸುದ್ದಿಯೂ ಬರಲಿಲ್ಲ.

ಆಮೇಲೆ ದಿಕ್ಕು ಕೇಳಲು ಬಂದವರಿಗೆ ಅವಳು ಬಾಗಿಲು ತೆರೆಯಲಿಲ್ಲ. ಊರವರು ಹಾಳಾಗಲಿಲ್ಲ, ಬೇರೆ ಯಾರನ್ನೋ ಕೇಳಿಕೊಂಡರು.

ವರ್ಷದ ಪೂಜೆಗೆ ಬರುವ ಲಾಮಾ ಮನೆಯವರ ಹೆಸರನ್ನು ಎರಡು ಪಟ್ಟಿ ಮಾಡುತ್ತಾನೆ. ಬದುಕಿರುವವರದೊಂದು, ಸತ್ತವರದೊಂದು. ಎರಡಕ್ಕೂ ಓದುವ ಮಂತ್ರ ಬೇರೆ. ಆರು ವರ್ಷಗಳ ಕಾಲ, ಹಳೆಯ ಲಾಮಾ ಕೇಳದೆಯೇ ಮಗಳನ್ನು ಬದುಕಿದವರಲ್ಲಿ ಸೇರಿಸಿದ. ಏಳನೇ ವರ್ಷ ಬಂದವನು ಹೊಸಬ.

"ಮಗಳು ಲ್ಹಾದೆನ್. ಯಾವುದರಲ್ಲಿ ಬರೀಲಿ ಔಮ್?"

"ದಾರೀಲಿದ್ದಾಳೆ."

"ಹಾಗಂತ ಪಟ್ಟಿ ಇಲ್ಲಮ್ಮ. ಇದೋ, ಅದೋ, ಹೇಳಬೇಕು. ತಪ್ಪು ಮಂತ್ರ ಓದಿದರೆ ಅವಳಿಗೇ ಕೇಡು."

ಗ್ಯೆಮ್ ಅಭ್ಯಾಸಬಲದಿಂದ ಬೆರಳು ಮಡಿಸಲು ಹೋದಳು. ಮಡಿಸಿದ ಮೊದಲ ಬೆರಳನ್ನು ಇನ್ನೊಂದು ಕೈಯಲ್ಲಿ ಬಿಡಿಸಿ, ಎರಡೂ ಕೈ ಸೊಂಟದ ಪಟ್ಟಿಯೊಳಗೆ ತುರುಕಿಕೊಂಡಳು.

"ನನ್ನ ಕೇಳಬೇಡಿ," ಎಂದಳು. "ಅವಳ ವಿಷಯದಲ್ಲಿ ಇನ್ನು ನಾನು ಏನೂ ಹೇಳಲ್ಲ."