ಹೂವಿನ ಕಿಂಡಿ

ಊರು ಸುತ್ತಿಸುವುದನ್ನೇ ಕಸುಬು ಮಾಡಿಕೊಂಡವರನ್ನು ಕಂಡರೆ ಮುನಿರಾಮಪ್ಪನವರಿಗೆ ಮೈ ಉರಿಯುತ್ತಿತ್ತು. ಭಾನುವಾರ ಬೆಳಗಾಯಿತೆಂದರೆ ಸಾಕು, ಚಾಮರಾಜಪೇಟೆ, ಬಸವನಗುಡಿಯ ಗಲ್ಲಿಗಳಲ್ಲಿ ಹತ್ತು ಹದಿನೈದು ಜನ ಒಂದೇ ಬಣ್ಣದ ಟೋಪಿ ಹಾಕಿಕೊಂಡು, ಹೆಗಲಿಗೆ ನೀರಿನ ಬಾಟಲು ನೇತುಹಾಕಿಕೊಂಡು, ಕತ್ತು ಮೇಲೆತ್ತಿ ನಡೆಯುತ್ತಿದ್ದರು. ಮುಂದೊಬ್ಬ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಮಾತಾಡುತ್ತಿದ್ದ. ಅವನು ಕೈ ತೋರಿಸಿದ ಕಡೆಗೆಲ್ಲ ಇವರ ಫೋನು ಏಳುತ್ತಿತ್ತು. ಹೆಂಚಿನ ಮಾಡು, ಕಿಟಕಿಯ ಸರಳು, ಬಾಗಿಲ ಮುಂದಿನ ರಂಗೋಲಿ, ರಂಗೋಲಿ ಹಾಕುತ್ತಿದ್ದ ಹೆಂಗಸು, ಯಾವುದನ್ನೂ ಬಿಡುತ್ತಿರಲಿಲ್ಲ.

"ಬೆಂಗಳೂರಲ್ಲೇ ಇದ್ಕೊಂಡು ಬೆಂಗಳೂರು ನೋಡೋಕೆ ಇವ್ರಿಗೆ ಗೈಡು ಬೇಕಂತೆ," ಎಂದು ಅವರು ಹನುಮಂತನಗರದ ಮನೆಯ ಮೆಟ್ಟಿಲ ಮೇಲೆ ಕೂತು ಮೂಗು ಮುರಿಯುತ್ತಿದ್ದರು. "ಅಂಗೈ ಹುಣ್ಣಿಗೆ ಕನ್ನಡಿ."

ಮೂಗು ಮುರಿಯುವ ಹಕ್ಕು ಅವರಿಗೆ ಇತ್ತೆಂದೇ ಹೇಳಬೇಕು. ಜಲಮಂಡಳಿಯಲ್ಲಿ ಮೂವತ್ತಮೂರು ವರ್ಷ ನೀರಿನ ಮೀಟರು ಓದಿದ ಮನುಷ್ಯ. ಒಂದೊಂದು ಗೇಟಿನ ಪಕ್ಕದಲ್ಲೂ ಬಗ್ಗಿ, ಕಬ್ಬಿಣದ ಮುಚ್ಚಳ ಎತ್ತಿ, ಜೇಬಿನ ಬಟ್ಟೆಯಿಂದ ಮೀಟರಿನ ಗಾಜು ಒರೆಸಿ, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು ಅವರ ಕೆಲಸ. ಯಾರ ಮನೆಗೆ ಬೀಗರು ಬಂದು ತಿಂಗಳುಗಟ್ಟಲೆ ಕೂತಿದ್ದಾರೆ, ಯಾರು ಬಾಡಿಗೆಯವರಿಗೆ ನೀರು ಬಿಡದೆ ಗೋಳಾಡಿಸುತ್ತಿದ್ದಾರೆ ಎಂಬುದೆಲ್ಲ ಮೀಟರು ನೋಡಿದರೆ ಅವರಿಗೆ ತಿಳಿಯುತ್ತಿತ್ತು. ಮನೆಯ ಮರ್ಯಾದೆ ಗೇಟಿನ ಬೋರ್ಡಿನಲ್ಲಿಲ್ಲ, ಅದರ ಕೆಳಗಿನ ಮೀಟರಿನಲ್ಲಿದೆ ಎಂಬುದು ಅವರ ಸಿದ್ಧಾಂತ. ಗೋಡೆಯ ಮೇಲೆ ಅಮೃತಶಿಲೆಯಲ್ಲಿ ಶ್ಲೋಕ ಕೆತ್ತಿಸಿ, ಕೆಳಗೆ ಮೀಟರು ತಿರುಗದಂತೆ ಅಯಸ್ಕಾಂತ ಅಂಟಿಸಿದ್ದ ದೊಡ್ಡ ಮನುಷ್ಯರನ್ನು ಅವರು ಕಂಡಿದ್ದರು. ಅಂಥವರ ಮನೆಯ ಮುಂದೆ ಈಗ ಟೋಪಿಯವರು ನಿಂತು "ಎಂಥಾ ಸಂಸ್ಕೃತಿ, ಎಂಥಾ ಜನ" ಎಂದು ನಿಟ್ಟುಸಿರು ಬಿಡುವಾಗ ನಗಬೇಕೋ ಉಗಿಯಬೇಕೋ ತಿಳಿಯುತ್ತಿರಲಿಲ್ಲ.

ಹೊಟ್ಟೆಪಾಡಿನ ಅಂಗಡಿಗಳನ್ನೂ ಇವರು ಬಿಟ್ಟಿರಲಿಲ್ಲ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ದಾಕ್ಷಾಯಣಮ್ಮನವರ ಕಾಂಡಿಮೆಂಟ್ಸ್ ಅಂಗಡಿಯಿದೆ. ನಲವತ್ತು ವರ್ಷದಿಂದ ಸಂಜೆ ನಾಲ್ಕಕ್ಕೆ ಅಲ್ಲಿ ನಿಪ್ಪಟ್ಟಿಗೆ ಜನ ಸಾಲು ನಿಲ್ಲುತ್ತಾರೆ. ಅದನ್ನು ಇಂಟರ್ನೆಟ್ಟಿನಲ್ಲಿ "ಯಾರಿಗೂ ಗೊತ್ತಿಲ್ಲದ ಜಾಗ" ಎಂದು ಯಾರೋ ಹಾಕಿದ್ದರು.

"ಯಾರಿಗೂ ಗೊತ್ತಿಲ್ಲ ಅಂದ್ರೆ, ಅವ್ನಿಗೆ ಗೊತ್ತಿರ್ಲಿಲ್ಲ ಅಂತ ಅರ್ಥ," ಎಂದಿದ್ದರು ಮುನಿರಾಮಪ್ಪ.

ಹೀಗಿರುವಾಗ ಅವರ ಒಬ್ಬಳೇ ಮಗಳು ಸೌಂದರ್ಯಾ, ಚರಿತ್ರೆಯಲ್ಲಿ ಎಂ.ಎ. ಮಾಡಿದವಳು, ಖಾಸಗಿ ಶಾಲೆಯ ಮೇಷ್ಟ್ರಿಕೆ ಬಿಟ್ಟು ಅದೇ ಟೋಪಿ ಹಾಕಿಕೊಂಡು ಬಂದು ನಿಂತಳು. ನಂದಿತಾ ಎಂಬಾಕೆ ನಡೆಸುತ್ತಿದ್ದ ನಡಿಗೆಯ ಕಂಪನಿ. ಒಂದು ವರ್ಷ ಸೌಂದರ್ಯಾ ಗುಂಪಿನ ಹಿಂದೆ ನೀರಿನ ಬಾಟಲಿಗಳ ಬುಟ್ಟಿ ಹಿಡಿದು ನಡೆದಳು. ಕೊನೆಗೆ ನಂದಿತಾ, ನೀನೇ ಒಂದು ಹೊಸ ದಾರಿ ಹುಡುಕು, ಜನಕ್ಕೆ ಇಷ್ಟವಾದರೆ ಪ್ರತಿ ಭಾನುವಾರ ಅದು ನಿನ್ನದು, ಇಲ್ಲದಿದ್ದರೆ ಬುಟ್ಟಿಯೇ ಗತಿ ಎಂದಿದ್ದಳು.

"ಅಪ್ಪ, ನೀನೂ ಬಾ," ಎಂದು ಸೌಂದರ್ಯಾ ಕರೆದಳು. "ಹಳೇ ಕಾಲದೋರು ಒಬ್ರು ಜೊತೇಲಿದ್ರೆ ಜನ ನಂಬ್ತಾರೆ. ಏನೂ ಮಾತಾಡ್ಬೇಡ. ಸುಮ್ನೆ ನಡಿ ಸಾಕು."

"ದೃಷ್ಟಿಬೊಂಬೆ ಬೇಕು ಅನ್ನು."

"ಹೂಂ, ಹಂಗೇ ಅನ್ಕೋ. ಬಾ."

ಮಗಳ ಮಾತಿಗೆ ಅವರು ಇಲ್ಲವೆಂದವರಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಹೊರಟರು. ಟೋಪಿ ಕೊಟ್ಟಾಗ ಮಾತ್ರ ಬೇಡವೆಂದರು.

ಬೆಳಗ್ಗೆ ಏಳಕ್ಕೆ ಹದಿನಾಲ್ಕು ಜನ ಸೇರಿದ್ದರು. ದಾಕ್ಷಾಯಣಮ್ಮ ಈ ನಡಿಗೆಗೆಂದೇ ಬೇಗ ಬಾಗಿಲು ತೆಗೆದಿದ್ದರು. ನಿಪ್ಪಟ್ಟಿಗೆ ಬೆಣ್ಣೆ ಸವರಿ, ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ಉದುರಿಸಿ ಕೊಡುತ್ತಿದ್ದರೆ ಇವರು ಬಾಯಿಗೆ ಹಾಕುವ ಮುಂಚೆ ಹತ್ತು ಸಲ ಚಿತ್ರ ತೆಗೆದರು. ಒಬ್ಬಾಕೆ ಇದರಲ್ಲಿ ಮೈದಾ ಇದೆಯೇ, ಎಣ್ಣೆ ಯಾವುದು ಎಂದು ವಿಚಾರಣೆ ಶುರುಮಾಡಿದಳು.

"ಅಕ್ಕಿ ಹಿಟ್ಟೂ ಇದೆ, ಮೈದಾನೂ ಇದೆ, ಎಣ್ಣೇನೂ ಇದೆ. ಇಷ್ಟ ಇದ್ರೆ ತಿನ್ನಿ," ಎಂದ ದಾಕ್ಷಾಯಣಮ್ಮ, ಮುನಿರಾಮಪ್ಪನವರ ಕಡೆ ತಿರುಗಿ, "ಮೀಟ್ರಪ್ಪನೋರೂ ಈ ಜಾತ್ರೆಗೆ ಸೇರ್ಕೊಂಡ್ರಾ?" ಎಂದರು.

"ಮಗಳದು," ಎಂದರು ಮುನಿರಾಮಪ್ಪ. ನಾಚಿಕೆಯೂ ಆಯಿತು, ಒಳಗೊಳಗೆ ಹೆಮ್ಮೆಯೂ ಆಯಿತು. ಏಕೆಂದರೆ ಹುಡುಗಿ ಚೆನ್ನಾಗಿ ಮಾತಾಡುತ್ತಿದ್ದಳು. ಉಳಿದವರಂತೆ ಬಾಯಿಗೆ ಬಂದದ್ದು ಒದರುತ್ತಿರಲಿಲ್ಲ. ಪ್ಲೇಗು ಬಂದ ಮೇಲೆ ಊರು ಹೀಗೆ ಹಬ್ಬಿದ್ದು, ಅಳತೆ ಹಿಡಿದು ರಸ್ತೆ ಹಾಕಿದ್ದು, ಯಾವ ಪೇಟೆಯವರು ಎಲ್ಲಿಗೆ ಬಂದು ಮನೆ ಕಟ್ಟಿದರು ಎಂಬುದನ್ನೆಲ್ಲ ಕಾಗದ ನೋಡದೆ ಹೇಳುತ್ತಿದ್ದಳು. ಟೋಪಿಯವರು ಫೋನು ಇಳಿಸಿ ಕೇಳುತ್ತಿದ್ದರು. ನಂದಿತಾ ಹಿಂದಿನಿಂದ ತಲೆದೂಗುತ್ತಿದ್ದಳು.

ಗುಂಪು ಬಸವನಗುಡಿಗೆ ಬಂದು, ದೊಡ್ಡ ರಸ್ತೆ ಬಿಟ್ಟು, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಇರುವ ಕಿರಿದಾದ ಓಣಿಗೆ ತಿರುಗಿದಾಗ ಮುನಿರಾಮಪ್ಪನವರ ಕಾಲು ನಿಧಾನವಾಯಿತು. ದಾರಿ ಎಲ್ಲಿಗೆಂದು ಅವರು ಮಗಳನ್ನು ಮೊದಲೇ ಕೇಳಿರಲಿಲ್ಲ. ಈ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇಂಥ ಓಣಿಗಳಿವೆ. ಅವಕ್ಕೆ ಕನ್ಸರ್ವೆನ್ಸಿ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಕಸ, ಇಲಿ, ಮುರಿದ ಕಕ್ಕಸಿನ ಬೇಸಿನ್ನು ಬಿಟ್ಟರೆ ಇಲ್ಲಿ ಏನೂ ಇರಲಿಲ್ಲ. ಈಗ ಗೋಡೆಗೆ ನವಿಲು ಬರೆದಿದ್ದರು. ದೀಪದ ಸರ ಕಟ್ಟಿದ್ದರು. ಒಂದು ಮನೆಯ ಹಿಂಬಾಗಿಲಿಗೆ "ಹಿತ್ತಲ ಕಾಫಿ" ಎಂಬ ಬೋರ್ಡು ತೂಗುತ್ತಿತ್ತು. ಆ ಬಾಗಿಲಿನ ಪಕ್ಕ, ಗೋಡೆಯ ಬುಡದಲ್ಲಿ, ಮೊಣಕಾಲಿನಷ್ಟು ಎತ್ತರಕ್ಕೆ ಒಂದು ಕಮಾನಿನ ಕಿಂಡಿ. ಬೇರೆ ಮನೆಯವರೆಲ್ಲ ಇಟ್ಟಿಗೆ ಇಟ್ಟು ಮುಚ್ಚಿಸಿದ್ದ ಕಿಂಡಿಯನ್ನು ಈ ಮನೆಯವರು ಉಳಿಸಿಕೊಂಡು, ಸುಣ್ಣ ಬಳಿದು, ಒಳಗೆ ಪ್ಲಾಸ್ಟಿಕ್ ಸೇವಂತಿಗೆಯ ಕುಂಡ ಇಟ್ಟಿದ್ದರು.

ಸೌಂದರ್ಯಾ ಅದರ ಮುಂದೆ ನಿಂತಳು.

"ಇದು ನನ್ನ ದಾರೀಲಿ ನಂಗೆ ತುಂಬಾ ಇಷ್ಟವಾದ ಜಾಗ," ಎಂದಳು. "ನಮ್ಮಜ್ಜಿ ಹೆಸರು ಬೈರಮ್ಮ. ಹೂ ಮಾರ್ತಿದ್ರು. ಬೆಳಗಿನ ಜಾವ ಈ ಓಣೀಲಿ ಬಂದು, ಮನೆಮನೆಗೂ ಈ ಕಿಂಡೀಲೇ ಪೂಜೆಗೆ ಹೂ ಕೊಡ್ತಿದ್ರು. ಇದು ಹೂವಿನ ಕಿಂಡಿ. ನಾನು ಎಂಟು ವರ್ಷದವಳಿದ್ದಾಗ ನಮ್ಮಪ್ಪ ಇಲ್ಲೇ ನಿಂತು ಹೇಳಿದ್ರು."

ಎಲ್ಲರೂ ಮುನಿರಾಮಪ್ಪನವರ ಕಡೆ ತಿರುಗಿ ನೋಡಿದರು. ಯಾರೋ ಕೈ ಮುಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮುನಿರಾಮಪ್ಪನವರ ಕೈ ತಾನಾಗಿ ಕಾಲರಿಗೆ ಹೋಯಿತು. ಹೌದು, ಹೇಳಿದ್ದರು. ಶಾಲೆಯಲ್ಲಿ ಅಜ್ಜ ಅಜ್ಜಿಯ ಬಗ್ಗೆ ಬರೆದುಕೊಂಡು ಬಾ ಎಂದಿದ್ದರೆಂದು ಮಗು ದಾರಿಯುದ್ದಕ್ಕೂ ಪ್ರಾಣ ತಿನ್ನುತ್ತಿತ್ತು. ಈ ಕಿಂಡಿ ಯಾಕೆ ಎಂದು ಬೆರಳು ತೋರಿಸಿತ್ತು. ಬಾಯಿಗೆ ಬಂದ ಮೊದಲ ಒಳ್ಳೆಯ ಮಾತು ಹೂವು. ಬೈರಮ್ಮ ಜೀವಮಾನದಲ್ಲಿ ಹೂ ಮುಡಿದವಳಲ್ಲ. ಮೂಗಿನ ಹತ್ತಿರ ಏನು ತಂದರೂ ಒಂದೇ ವಾಸನೆ ಬರುತ್ತದೆ ಎನ್ನುತ್ತಿದ್ದಳು.

ಒಂದು ಸುಳ್ಳು ಅಲ್ಲಿಗೇ ಮುಗಿದಿದ್ದರೆ ಅವರು ಅದನ್ನೂ ನುಂಗಿಕೊಳ್ಳುತ್ತಿದ್ದರು. ಮಗಳ ದಾರಿ ಕೆಡಿಸುವಷ್ಟು ಸತ್ಯಸಂಧರೇನಲ್ಲ ಅವರು. ಆದರೆ ಹಿಂಬಾಗಿಲು ತೆಗೆದುಕೊಂಡು ಮನೆಯ ಯಜಮಾನ ಗೌರೀಶ್ ಹೊರಗೆ ಬಂದ. ಅರವತ್ತು ದಾಟಿದ ಆಸಾಮಿ, ರೇಷ್ಮೆಯ ಜುಬ್ಬ ಹಾಕಿಕೊಂಡಿದ್ದ.

"ಬೈರಮ್ಮ ನಂಗೆ ಚೆನ್ನಾಗಿ ನೆನಪಿದಾರೆ," ಎಂದು ಅವನು ಗುಂಪಿಗೆ ಹೇಳಿದ. "ನಾನಾಗ ಚಿಕ್ಕವನು. ನಮ್ಮಮ್ಮ ದಿನಾ ಮೂರು ಮೊಳ ಮಲ್ಲಿಗೆ ತಗೋತಿದ್ರು. ಅವರಿಗೆ ಒಂದು ಲೋಟ ಕಾಫಿ ಕೊಡದೆ ಕಳಿಸ್ತಾನೇ ಇರ್ಲಿಲ್ಲ. ಮನೆಯವರ ಥರಾನೇ ನೋಡ್ಕೋತಿದ್ವಿ."

ಟೋಪಿಯವರು ಅಯ್ಯೋ ಎಂದು ಕರಗಿಹೋದರು. ನಂದಿತಾ ಫೋನು ಎತ್ತಿ ಗೌರೀಶನ ಮಾತನ್ನು ಹಿಡಿದುಕೊಳ್ಳತೊಡಗಿದಳು.

ಮನೆಯವರ ಥರ. ಆ ಮಾತು ಮುನಿರಾಮಪ್ಪನವರಿಗೆ ಬಿಸಿ ತುಪ್ಪವಾಯಿತು. ಈ ಮನುಷ್ಯ ಕಾಫಿಯ ಲೋಟವನ್ನೂ ತನ್ನ ಅಮ್ಮನ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡ. ಹೆಸರು ನೆನಪಿದೆಯಂತೆ; ಈಗಷ್ಟೇ ಸೌಂದರ್ಯಾ ಅವನ ಬಾಗಿಲ ಮುಂದೆ ಹೇಳಿದ ಹೆಸರು.

"ಸ್ವಾಮಿ," ಎಂದರು ಮುನಿರಾಮಪ್ಪ, "ಹೂ ಕೊಡೋ ಕಿಂಡಿ ಮೊಣಕಾಲುದ್ದಕ್ಕೆ ಯಾಕಿರುತ್ತೆ?"

ಮೈದಾ ವಿಚಾರಿಸಿದ್ದ ಹೆಂಗಸು, "ಆಗಿನ ಕಾಲದೋರು ಕುಳ್ಳಗಿದ್ರೇನೋ," ಎಂದಳು.

ಹದಿನಾಲ್ಕು ಜನ, ಅಷ್ಟೂ ಜನ ಓದಿದವರು, ಅಷ್ಟೂ ಜನ ಕ್ಯಾಮೆರಾ ಹಿಡಿದು ಬಗ್ಗಿ ಬಗ್ಗಿ ಆ ಕಿಂಡಿಯನ್ನು ನೋಡಿದ್ದಾರೆ. ಒಬ್ಬರ ತಲೆಗೂ ಆ ಪ್ರಶ್ನೆ ಬಂದಿಲ್ಲ. ಎಂ.ಎ. ಮಾಡಿದ ತನ್ನ ಮಗಳ ತಲೆಗೂ ಬಂದಿಲ್ಲ ಎಂದುಕೊಂಡಾಗ ಮಾತ್ರ ಅವರ ತಾತ್ಸಾರ ತಿರುಗಿ ಅವರ ಮುಖಕ್ಕೇ ಬಡಿಯಿತು. ಬರುವುದಾದರೂ ಹೇಗೆ. ಕೇಳುವ ವಯಸ್ಸಿನಲ್ಲಿ ಕೈಗೆ ಸುಳ್ಳು ಕೊಟ್ಟು ಬಾಯಿ ಮುಚ್ಚಿಸಿದವರು ತಾವೇ. ಇಷ್ಟು ದಿನ ಊರಿನವರ ಕಟ್ಟುಕತೆ ಕೇಳಿ ಮೂಗು ಮುರಿದದ್ದೆಲ್ಲ ಎಂಥ ನಾಚಿಕೆಗೇಡು ಎನಿಸಿತು.

"ನಮ್ಮಮ್ಮ ಹೂ ಮಾರ್ಲಿಲ್ಲ," ಎಂದರು. ದನಿ ಏರಿರಲಿಲ್ಲ. "ಇದು ಕಕ್ಕಸಿನ ಕಿಂಡಿ. ಗೋಡೆ ಆಚೆಗೆ ಇವ್ರ ಮನೆ ಕಕ್ಕಸಿತ್ತು. ನಮ್ಮಮ್ಮ ಇಲ್ಲಿ ಕೂತ್ಕೊಂಡು, ಈ ಕಿಂಡಿಗೆ ಕೈ ಹಾಕಿ ತಗಡಲ್ಲಿ ಬಳ್ಕೊಂಡು, ಬಕೆಟ್ಟಿಗೆ ತುಂಬ್ಕೊಂಡು, ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ಲು. ದಿನಾ. ಈ ಓಣಿ ಮಾಡಿದ್ದೇ ಅದಕ್ಕೆ. ಆ ಕೆಲಸ ಮಾಡೋರು ಮುಂದಿನ ರಸ್ತೇಲಿ ಕಾಣ್ಬಾರ್ದು ಅಂತ." ಆಮೇಲೆ ಗೌರೀಶನ ಕಡೆ ನೋಡಿ, "ಹೂವು ಅನ್ನೋ ಸುಳ್ಳು ನಂದು. ಕಾಫಿ ನಿಮ್ದು. ಬಾಯಾರಿದ್ರೆ ನಿಮ್ಮ ಮನೆಯೋರು ಇಲ್ಲೇ, ಗೋಡೆ ಮೇಲಿಂದ ಬೊಗಸೆಗೆ ನೀರು ಹುಯ್ತಿದ್ರು."

ಗೌರೀಶನ ಮುಖ ಕೆಂಪಾಯಿತು. ಅವನು ಜುಬ್ಬದ ಗುಂಡಿ ತಿರುವುತ್ತ, ಅವನ್ನೆಲ್ಲ ಈಗ ಯಾಕೆ ಎಂಬಂತೆ ಏನೋ ಗೊಣಗಿದ. ನಂದಿತಾ ಫೋನು ಜೇಬಿಗೆ ಹಾಕಿ, ಸೌಂದರ್ಯಾಳ ಕಿವಿಯಲ್ಲಿ, "ಮುಂದಕ್ಕೆ ಕರ್ಕೊಂಡು ಹೋಗು, ಬೇಗ," ಎಂದಳು.

ಸೌಂದರ್ಯಾ ಕದಲಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ. ಕಿಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಕೂತ ಮೇಲೆ ಅದು ಅವಳ ಎದೆಯ ನೇರಕ್ಕೆ ಬಂತು. ಪ್ಲಾಸ್ಟಿಕ್ ಸೇವಂತಿಗೆಯ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟು, ಮೊಣಕೈವರೆಗೂ ಕೈ ಒಳಗೆ ಹಾಕಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಮುನಿರಾಮಪ್ಪನವರಿಗೆ ನೋಡಲಾಗಲಿಲ್ಲ. ಎದ್ದು ನಿಲ್ಲು ಎನ್ನಬೇಕೆನಿಸಿತು.

"ಈ ಸಾಲಲ್ಲಿ ಎಷ್ಟು ಮನೆ ಅಪ್ಪ?" ಎಂದು ಅವಳು ಕೂತಲ್ಲಿಂದಲೇ ಕೇಳಿದಳು.

"ಇಪ್ಪತ್ತೆರಡು."

"ಎಲ್ಲಾ ಅಜ್ಜೀದೇನಾ?"

"ಎಲ್ಲಾ ಅವಳ್ದೇ."

ಅವಳು ಎದ್ದು ಕೈ ಒರೆಸಿಕೊಂಡು ಗುಂಪಿನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಮಾತು ನೆಟ್ಟಗಿತ್ತು. "ನಾನು ಹೇಳಿದ್ದು ತಪ್ಪು. ಓಣಿ ತುದೀಗೆ ವಾಪಸ್ ಹೋಗಿ ಮೊದಲನೇ ಮನೆಯಿಂದ ಶುರು ಮಾಡ್ತೀನಿ. ಬರೋರು ಬನ್ನಿ."

ಐದು ಜನ ಬಂದರು. ಒಂಬತ್ತು ಜನ ಕಾಫಿಗೆ ಹೋದರು. ನಂದಿತಾ ಕಾಫಿಯವರ ಹಿಂದೆ ಹೋದಳು. ಮುಂದಿನ ಭಾನುವಾರದ ಬುಟ್ಟಿ ಯಾರ ಕೈಗೆ ಎಂಬುದನ್ನು ಬೇರೆ ಹೇಳಬೇಕಾಗಿರಲಿಲ್ಲ.

ಇಪ್ಪತ್ತೆರಡು ಮನೆ ಮುಗಿಸುವುದಕ್ಕೆ ಅರ್ಧ ಗಂಟೆಯಾಯಿತು. ಮುಚ್ಚಿದ ಇಟ್ಟಿಗೆಯ ಗುರುತನ್ನು ಮುನಿರಾಮಪ್ಪ ತೋರಿಸಿದರು, ಸೌಂದರ್ಯಾ ಎಣಿಸಿದಳು. ಅವಳಿಗೆ ಅವರು ಇನ್ನೊಂದು ಮಾತನ್ನೂ ಹೇಳಿದರು. ಮೀಟರು ಓದುವ ಕೆಲಸ ಸಿಕ್ಕ ದಿನ ಬೈರಮ್ಮ ಸಂಬಳ ಎಷ್ಟು ಎಂದು ಕೇಳಲಿಲ್ಲ. ಮೀಟರು ಮನೆಯ ಯಾವ ಕಡೆ ಇರುತ್ತದೆ ಎಂದು ಕೇಳಿದಳು. ಮುಂದೆ, ಗೇಟಿನ ಹತ್ತಿರ ಎಂದಾಗ, ಹಾಗಾದರೆ ಹೋಗು ಎಂದಿದ್ದಳು.

ತಿರುಗಿ ಬಂದಾಗ ಗೌರೀಶ್ ಹಿಂಬಾಗಿಲಲ್ಲಿ ನಿಂತಿದ್ದ. ಒಳಗಿನವರು ನೋಡುತ್ತಿದ್ದಾರೆಂದೋ ಏನೋ, ದನಿಗೆ ಬೆಣ್ಣೆ ಹಚ್ಚಿಕೊಂಡಿದ್ದ.

"ಬನ್ನಿ ಯಜಮಾನ್ರೇ, ಆಗಿದ್ದು ಆಗ್ಹೋಯ್ತು. ಒಳಗ್ ಬನ್ನಿ, ಒಂದು ಕಾಫಿ ಕುಡೀರಿ."

ಮುನಿರಾಮಪ್ಪ ಆ ಬಾಗಿಲನ್ನು ನೋಡಿದರು. "ಮುಂದಿನ ಬಾಗಿಲಿಂದ ಬರ್ತೀನಿ," ಎಂದರು.

"ಮುಂದೆ ಬೀಗ ಹಾಕಿದೀನಲ್ಲ. ಈಗ ಎಲ್ಲಾ ಈ ಕಡೆಯಿಂದ್ಲೇ ಓಡಾಡೋದು. ಜನಕ್ಕೆ ಇದೇ ಇಷ್ಟ."

"ಬೀಗ ತೆಗೀರಿ. ಕಾಯ್ತೀನಿ."

ಓಣಿ ದಾಟಿ, ಮೂಲೆ ಸುತ್ತಿ, ಅವರು ಮುಂದಿನ ರಸ್ತೆಗೆ ಬಂದು ಗೇಟಿನ ಎದುರು ನಿಂತರು. ಸೌಂದರ್ಯಾ ಟೋಪಿ ತೆಗೆದು ಚೀಲಕ್ಕೆ ಹಾಕಿಕೊಂಡು ಪಕ್ಕದಲ್ಲಿ ಬಂದು ನಿಂತಳು. ಮನೆಯೊಳಗೆ ಯಾರೋ ಬೀಗದ ಕೈ ಹುಡುಕುತ್ತಿದ್ದರು. ಡ್ರಾಯರು ಎಳೆಯುವ, ಮುಚ್ಚುವ ಸದ್ದು ಕೇಳುತ್ತಿತ್ತು. ಮುನಿರಾಮಪ್ಪ ಅಭ್ಯಾಸಬಲದಿಂದ ಬಗ್ಗಿ, ಮೀಟರಿನ ಮುಚ್ಚಳ ಎತ್ತಿ, ಕರ್ಚೀಫಿನಿಂದ ಗಾಜು ಒರೆಸಿದರು. ಒಳಗಿನಿಂದ ಹೆಜ್ಜೆಯ ಸದ್ದು ಬಾಗಿಲಿನ ಕಡೆಗೆ ಬಂತು. ಅವರು ಮುಚ್ಚಳ ಮುಚ್ಚಿ ನೆಟ್ಟಗೆ ನಿಂತು, ಶರ್ಟಿನ ತೋಳು ಸರಿಮಾಡಿಕೊಂಡರು.