ಮೊಣಕಾಲ ನಡುವಿನ ಸಂದಿ

ಪಕ್ಕದ ಮನೆಯ ಆಯಿ ಕಾಲು ಚಾಚಿ ಕೂತರೆ ಎರಡು ಮೊಣಕಾಲುಗಳ ನಡುವೆ ಒಂದು ತೆಂಗಿನಕಾಯಿ ಸಲೀಸಾಗಿ ಹಾಯ್ದುಹೋಗುವಷ್ಟು ಸಂದಿ ಇರುತ್ತಿತ್ತು. ವಯಸ್ಸಾದಂತೆ ಸವೆದು, ಹೊರಕ್ಕೆ ಬಾಗಿದ ಕಾಲುಗಳು. ರಾಯಬಾಗದ ನಮ್ಮ ಓಣಿಯ ಅರ್ಧ ಮಕ್ಕಳು ಆ ಕಾಲುಗಳ ಮೇಲೆ ಮಲಗಿ, ಎರೆಸಿಕೊಂಡು ಬೆಳೆದವರು. ಬಾಣಂತಿ ಮನೆಯಿದ್ದರೆ ಮುಂಜಾನೆ ಆಯಿ ಬರಲೇಬೇಕು. ಬಚ್ಚಲ ನೆಲದ ಮೇಲೆ ಕೂತು, ಸೀರೆ ಮೇಲೆ ಸರಿಸಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದಳು.

ನನಗೆ ಮೊದಲ ಮಗಳು ಹುಟ್ಟಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ತಾಯಿ ಎಂದೋ ತೀರಿಕೊಂಡಿದ್ದಳು. ದಿಗ್ಗೇವಾಡಿಯ ತವರಲ್ಲಿ ಬಾಣಂತನ ಮಾಡುವವರಿರಲಿಲ್ಲ. ಗಂಡನ ಮನೆಯಲ್ಲೂ ಹಿರಿಯ ಹೆಂಗಸರಿಲ್ಲ. ಪಕ್ಕದ ಮನೆಯ ಆಯಿ ಯಾರೂ ಕರೆಯದೆ ಬಂದು ಬಚ್ಚಲ ಒಲೆ ಹೊತ್ತಿಸಿದಳು. ನಾನೋ ಹುಟ್ಟಾ ಅಂಜುಬುರುಕಿ. ಎರೆಯುವಷ್ಟು ಹೊತ್ತೂ ಉಸಿರು ಹಿಡಿದು ನಿಲ್ಲುತ್ತಿದ್ದೆ.

“ಏನ ಅಂಜತಿ ಬೇ? ನೀರಾಗ ಕರಗಾಕ ಕೂಸೇನ ಬೆಲ್ಲದ ಪೆಂಟಿ ಏನ?” ಎಂದು ಆಯಿ ನಗುತ್ತಿದ್ದಳು.

ನನಗೆ ನೀರಿನ ಹೆದರಿಕೆಯಲ್ಲ, ಆ ಸಂದಿಯ ಹೆದರಿಕೆ. ಅದು ಆಯಿಗೂ ಗೊತ್ತಿತ್ತು. ಹಳೇ ಸೀರೆಯನ್ನು ಮಡಚಿ ಸಂದಿಯಲ್ಲಿ ತುರುಕಿ, ಅದರ ಮೇಲೆ ಕೂಸನ್ನು ಹಾಕಿಕೊಳ್ಳುತ್ತಿದ್ದಳು. ಮಗಳಿಗೆ ಎರಡು ತಿಂಗಳಾದಾಗ ಒಂದು ದಿನ ತೊಯ್ದ ಸೀರೆ ಜಾರಿತು. ಎಣ್ಣೆಮೈಯ ಕೂಸು ಸೊಂಟದವರೆಗೆ ಸಂದಿಯೊಳಗೆ ಇಳಿದುಬಿಟ್ಟಿತು. ಆಯಿ ಕಂಕುಳಿಗೆ ಕೈಹಾಕಿ ಎತ್ತಿದಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ಆಯಿಯ ಮುಖ ಸುಣ್ಣದಂತಾಗಿತ್ತು.

“ಇನ್ನ ನಾ ಎರಿಯಂಗಿಲ್ಲ ತಂಗಿ,” ಎಂದು ಕೂಸನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದು ಹೋದಳು. ನಾನು ತಡೆಯಲಿಲ್ಲ. ಆ ನಾಚಿಕೆ ಇನ್ನೂ ಇದೆ.

ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಮಾಡಿಸಿಕೋ ಎಂದು ಸಕ್ಕರೆ ಕಾರ್ಖಾನೆಯಲ್ಲಿದ್ದ ಅವಳ ಮಗ ಎರಡು ವರ್ಷದಿಂದ ಬಡಿದುಕೊಳ್ಳುತ್ತಿದ್ದ. “ನಡಿಯಾಕ ಕೋಲ ಐತಿ, ಸಾಕ,” ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು. ನೋವಿಗೆ ಬಗ್ಗದವಳು ಆ ಸಂದಿಗೆ ಬಗ್ಗಿದಳು. ಎಂಟು ದಿನ ಬಿಟ್ಟು ಬಂದು, “ಮಿರಜಿಗಿ ಹೋಗಿ ತೋರಿಸೂಣು, ನಡಿ. ಮಗನ ಕೂಡ ಹೋದ್ರ ಅಂವಾ ನನಕಿಂತ ಹೆಚ್ಚ ಅಂಜತಾನ,” ಎಂದಳು. ಅಂಜುಬುರುಕಿಯನ್ನೇ ಧೈರ್ಯಕ್ಕೆ ಕರೆದಿದ್ದಳು! ಮಗಳನ್ನು ನಾದಿನಿಯ ಕೈಗೆ ಕೊಟ್ಟು ಹೊರಟೆ.

ಮಿರಜಿನ ಡಾಕ್ಟರು ಎಕ್ಸ್‌ರೇ ನೋಡಿದರು. ಆಯಿ ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: ಕಾಲು ನೆಟ್ಟಗಾಗುತ್ತವೆಯೇ, ಕೂಡುತ್ತವೆಯೇ? ಆಗುತ್ತವೆ, ಕೂಡುತ್ತವೆ ಎಂದರು. ಆಯಿಯ ಮುಖ ಅರಳಿತು. ಅವಳನ್ನು ರಕ್ತ ಪರೀಕ್ಷೆಗೆ ಕಳಿಸಿದ ಮೇಲೆ ಚೀಟಿ ಬರೆಯುತ್ತ ನನಗೆ ಹೇಳಿದರು: “ಆಮೇಲೆ ನೆಲದ ಮೇಲೆ ಮಾತ್ರ ಕೂರಬಾರದು. ಕುಕ್ಕರಗಾಲಂತೂ ಬೇಡವೇ ಬೇಡ. ಮನೆಯಲ್ಲಿ ತಿಳಿಸಿ ಹೇಳಿ.”

ಹೆದರುವವರ ಮೇಲೆ ಹಾವು ಬಿಟ್ಟಂತಾಯಿತು. ಎರೆಯುವುದಕ್ಕೆಂದೇ ಕಾಲು ನೆಟ್ಟಗೆ ಮಾಡಿಸಿಕೊಳ್ಳಲು ಹೊರಟವಳಿಗೆ, ಎರೆಯಲು ನೆಲಕ್ಕೆ ಕೂರುವ ಹಾಗಿಲ್ಲ ಎಂದು ಹೇಳುವುದು ಹೇಗೆ? ಹೇಳಿದರೆ ಆಪರೇಷನ್ ಬೇಡವೆನ್ನುತ್ತಾಳೆ, ಎರಡು ವರ್ಷದಲ್ಲಿ ಹಾಸಿಗೆ ಹಿಡಿಯುತ್ತಾಳೆ. ಹೇಳದಿದ್ದರೆ ಅದು ಮೋಸ. ರೈಲಿನಲ್ಲಿ ಆಯಿ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ನನ್ನ ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೃಷ್ಣೆಯ ಸೇತುವೆ ಬರುವುದರೊಳಗೆ ಹೇಳಿಬಿಡಬೇಕು ಅಂದುಕೊಂಡೆ. ಸೇತುವೆ ದಾಟಿತು.

ಕುಡಚಿಯಲ್ಲಿ ಇಳಿದೆವು. ರಾಯಬಾಗದ ಬಸ್ಸಿಗೆ ನಡೆಯುವ ಮುಂಚೆ ನೋವು ಇಳಿಯಲೆಂದು ಆಯಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ, ನಮ್ಮ ಮಾತಿನ ಬಾಕಿನ ಮೇಲೆ, ಕೂತಳು. ಅಲ್ಲಿ ಹೇಳಿಬಿಟ್ಟೆ. ಹೇಳುತ್ತ ನಾನೇ ಅತ್ತುಬಿಟ್ಟೆ.

ಆಯಿ ಕೋಲನ್ನು ಬಾಕಿಗೆ ಒರಗಿಸಿ ಕೇಳಿದಳು, “ನೆಲಕ್ಕ ಕುಂದ್ರಬಾರದು. ಕಾಲ ಚಾಚಬೌದಲ್ಲ?”

“ಚಾಚಬೌದು.”

“ಹಂಗಾರ ನನ್ನ ಕಾಲ ಎತ್ತ.”

ಎತ್ತಿದೆ. ಬಾಕಿನ ಮೇಲೆ ಅಡ್ಡಕ್ಕೆ ತಿರುಗಿ, ಕಾಲು ಚಾಚಿ, ಕೈಚೀಲವನ್ನು ಕೂಸಿನ ಹಾಗೆ ಕಾಲ ಮೇಲೆ ಇಟ್ಟುಕೊಂಡಳು. ಚೀಲ ಸಂದಿಯೊಳಗೆ ಕುಸಿಯಿತು. ಅದನ್ನೇ ನೋಡುತ್ತ ಅಂದಳು, “ಕೂಸ ಕಾಲ ಮ್ಯಾಲ ಮಲಗತೈತಿ, ನೆಲದ ಮ್ಯಾಲ ಅಲ್ಲ. ನನಗ ನೆಲಾ ಯಾತಕ್ಕ ಬೇಕ? ಒಂದ ಬಾಕ ಮಾಡಿಸಿದ್ರಾತು.”

ನನಗೆ ಹೊಳೆಯದೇ ಹೋದದ್ದು ಇಷ್ಟೇ ಇಷ್ಟು! ಆದರೆ ಮರುಗಳಿಗೆಯಲ್ಲೇ ಆಯಿ ನನ್ನ ಮುಂಗೈ ಹಿಡಿದಳು. “ತಂಗಿ, ಮದ್ದ ಕೊಟ್ಟ ಮಲಗಸ್ತಾರಂತ. ಎಚ್ಚರಾ ಆಗದಿದ್ರ?” ಅಷ್ಟು ವರ್ಷ ಓಣಿಯ ಬಾಣಂತಿಯರಿಗೆಲ್ಲ ಧೈರ್ಯ ಹೇಳಿದವಳು ಈಗ ನನ್ನನ್ನು ಕೇಳುತ್ತಿದ್ದಳು. “ನಾ ಬಾಗಲದಾಗ ಕುಂತಿರ್ತೀನಿ ಆಯಿ,” ಎಂದೆ.

ಹಾಗೇ ಕೂತೆ, ಎರಡು ಸಲ. ಮೊದಲು ಬಲಗಾಲು, ನಾಲ್ಕು ತಿಂಗಳು ಬಿಟ್ಟು ಎಡಗಾಲು. ಎರಡೂ ಸಲ ಆ ಬಾಗಿಲು ತೆರೆಯುವವರೆಗೆ ನಾನು ಜಾಗ ಬಿಟ್ಟು ಏಳಲಿಲ್ಲ. ಎಚ್ಚರವಾದ ಕೂಡಲೇ ಆಯಿ ಕೇಳಿದ್ದು, “ಕೂಸಿಗಿ ಯಾರ ಎರದ್ರು?”

ನನ್ನ ಎರಡನೆಯ ಕೂಸು, ಮಗ, ಹುಟ್ಟುವ ಹೊತ್ತಿಗೆ ನಮ್ಮ ಬಚ್ಚಲಲ್ಲಿ ಬಡಿಗೇರ ಮಾಡಿಕೊಟ್ಟ ಮರದ ಬಾಕು ಬಂದಿತ್ತು. ಆಯಿ ಅದರ ಮೇಲೆ ಕಾಲು ಚಾಚಿ ಕೂತು, ಒಂದಕ್ಕೊಂದು ಅಂಟಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡಳು. ಕೂಸು ಜಾರೀತೆಂದು ನನ್ನ ಎಡಗೈ ತಾನಾಗಿಯೇ ಅವಳ ಮೊಣಕಾಲ ಕೆಳಗೆ ಹೋಗಿತ್ತು. ಆಯಿ ತಂಬಿಗೆಯಿಂದಲೇ ಮೆಲ್ಲಗೆ ಬಡಿದು, “ಕೈ ತಗಿ ಬೇ. ನಿನ್ನ ಕೈಗಿ ಎರಿಯಾಕ ಬಂದಿಲ್ಲ ನಾ,” ಎಂದಳು. ದಿನವೂ ಇದೇ. ನಾನು ಇಡುವುದು, ಅವಳು ಬಡಿಯುವುದು. ಮಗ ಕೂರುವುದನ್ನು ಕಲಿಯುವವರೆಗೂ ನನ್ನ ಅಂಜಿಕೆ ಹೋಗಲಿಲ್ಲ.

ಕೆಲವು ವರ್ಷಗಳ ನಂತರ ನಾಲ್ಕು ದಿನದ ಜ್ವರಕ್ಕೆ ಆಯಿ ಹೋದಳು. ಕೊನೆಯ ಸ್ನಾನಕ್ಕೆ ಅವಳ ಮಗ ನಮ್ಮ ಬಾಕನ್ನೇ ಕೇಳಿ ಒಯ್ದ. ಹೆಂಗಸರೆಲ್ಲ ಸೇರಿ ಮಲಗಿಸಿದೆವು. ಕಾಲುಗಳು ನೆಟ್ಟಗೆ, ಕೂಡಿಕೊಂಡು ಇದ್ದವು. ಯಾರೋ ತಂಬಿಗೆ ನೀರು ಹೊಯ್ದಾಗ ನನ್ನ ಎಡಗೈ ಮೊಣಕಾಲ ಕೆಳಗೆ ಹೋಯಿತು. ಅಲ್ಲಿ ಸಂದಿ ಇರಲಿಲ್ಲ. ಸುಮಾರು ಹೊತ್ತು ಹಾಗೇ ಇಟ್ಟುಕೊಂಡೆ. ಕೈ ತೆಗೆ ಎಂದು ಯಾರೂ ಅನ್ನಲಿಲ್ಲ.